ಅಂಚಿಗೆ ಸರಿಯದ ಸಾಲುಗಳು

"ಹುಯಾ, ಈ ಫೈಲ್ ಒಂದನ್ನೇ ಯಾಕೆ ಹಾಗೇ ಬಿಟ್ಟಿದ್ದೀಯ?" ಫರ್ಗಸ್ ಕೇಳಿದ.

ಡ್ಯುನೆಡಿನ್ ಬಂದರಿನ ದೋಣಿಯವರಿಗೆ ಉಬ್ಬರ ಇಳಿತದ ಸಮಯ ತಿಳಿಸುವ ಪ್ರೋಗ್ರಾಂ ಫರ್ಗಸನ ತಂಡದ್ದು. ಕೋಡ್ ಬರೆಯುವ ರೀತಿಗೆ ನಿಯಮ ಮಾಡಿದವನೂ ಅವನೇ. ಯಾರು ಬರೆದರೂ ಒಂದೇ ಕೈ ಬರೆದಂತಿರಬೇಕು, ಸಾಲುಗಳು ಎಡ ಅಂಚಿಗೆ ಕೂಡಿರಬೇಕು. ಹಳೆಯ ಫೈಲುಗಳನ್ನು ಹಾಗೆ ತಿದ್ದುವ ಕೆಲಸ ಹೊಸದಾಗಿ ಸೇರಿದ ಹುಯಾಳಿಗೆ ಬಂದಿತ್ತು. ಅವಳ ನಗು ಕೇಳಿದಾಗಲೆಲ್ಲ ಅವನು ಮುಖವನ್ನು ಪರದೆಯ ಕಡೆ ತಿರುಗಿಸಿಬಿಡುತ್ತಿದ್ದ.

ಅವಳು ಬಿಟ್ಟ ಫೈಲನ್ನು ಬರೆದವಳು ಎಲ್ಸ್‌ಪೆತ್, ಫರ್ಗಸನ ತೀರಿಹೋದ ಹೆಂಡತಿ. ಎಲ್ಲರ ಕೋಡನ್ನೂ ತಿದ್ದಿಸಿದವನು ತನ್ನವಳದಕ್ಕೆ ಮಾತ್ರ ವಿನಾಯಿತಿ ಕೇಳುವುದು ಹೇಗೆ? ಅದನ್ನು ತೆರೆದು ನೋಡಲೂ ಧೈರ್ಯವಾಗದೆ, ಮನಸ್ಸಿನಲ್ಲೇ ಬೀಳ್ಕೊಟ್ಟಿದ್ದ.

"ಬಿಟ್ಟಿಲ್ಲ ಮೇಷ್ಟ್ರೇ, ಕಾಪಾಡಿದ್ದೀನಿ." ಹುಯಾ ಕಣ್ಣಂಚಿನಲ್ಲಿ ನಕ್ಕಳು. "ಚೀಸ್ ರೋಲ್ ತಿಂದ ಕೈ ಒರೆಸ್ಕೊಂಡು ಇಲ್ಲಿ ಕೂತ್ಕೊಳ್ಳಿ."

ಅವಳು ಫೈಲನ್ನು ಪರದೆಯ ಮೇಲೆ ಮೆಲ್ಲಗೆ ಸರಿಸಿದಳು. ಬರುವ ವರ್ಷಗಳ ಲೆಕ್ಕವೂ ಸೇರಿ, ಗಂಟೆಗೊಂದು ಸಾಲು, ಅದರಲ್ಲಿ ನೀರಿನ ಎತ್ತರ. ನೀರು ಏರಿದಷ್ಟೂ ಸಾಲು ಬಲಕ್ಕೆ ಸರಿದಿತ್ತು, ಇಳಿದಂತೆ ಎಡಕ್ಕೆ ಮರಳಿತ್ತು. ಪರದೆಯುದ್ದಕ್ಕೂ ಕಡಲು ಉಸಿರಾಡುತ್ತಿತ್ತು. ಹುಣ್ಣಿಮೆಯ ಹತ್ತಿರ ಎದೆ ತುಂಬಿ ಉಬ್ಬಿತ್ತು.

"ಈ ಖಾಲಿ ಜಾಗ ಕಂಪ್ಯೂಟರಿಗೆ ಬೇಡ, ಓದೋರಿಗೆ ಬೇಕು. ಇಲ್ನೋಡಿ, ಆಮೇಲೆ ಯಾರೋ ಅಂಕಿ ತಪ್ಪು ಹಾಕಿದ್ದಾರೆ. ಅಂಕಿ ಇಳಿತ ಅನ್ನುತ್ತೆ, ಸಾಲು ಉಬ್ಬರದಲ್ಲಿ ನಿಂತಿದೆ. ಎಲ್ಲಾ ಅಂಚಿಗೆ ಒತ್ತಿದ್ರೆ ನನಗೆ ಕಾಣ್ತಿತ್ತಾ? ಓದೋಕೆ ಸುಲಭವಾಗಲಿ ಅಂತಾನೇ ನಿಯಮ ಅಂದೋರು ನೀವೇ ಅಲ್ವಾ?"

ಫರ್ಗಸ್ ಕಿಟಕಿಯಾಚೆ ನೋಡಿದ. ಬಂದರಿನಲ್ಲಿ ನೀರು ಏರುತ್ತಿತ್ತು. ಚಂದ್ರನನ್ನಿಟ್ಟು ಕಡಲನ್ನು ಎಳೆಸುವ ದೇವರು ಒಬ್ಬ. ಆ ಎಳೆತವನ್ನು ಬರಿಯ ಖಾಲಿ ಜಾಗದಲ್ಲಿ ಹಿಡಿದಿಟ್ಟವಳು ತನ್ನ ಮನೆಯಲ್ಲೇ ಇದ್ದಳು. ಅವಳ ಜೊತೆ ಅಷ್ಟು ವರ್ಷ ಬಾಳಿಯೂ ತಾನು ಇದನ್ನು ಕಂಡಿರಲಿಲ್ಲ.

"ಯಾರು ಬರೆದಿದ್ದು?" ಹುಯಾ ಕೇಳಿದಳು.

"ನನ್ನ ಎಲ್ಸ್‌ಪೆತ್."

ಹುಯಾ ಕೀಬೋರ್ಡಿನಿಂದ ಕೈ ತೆಗೆದಳು. ತೀರಿಹೋದವರಿಗೆ ಹೇಳುವ ಮಾತನ್ನು ತನ್ನ ಮಾವೊರಿ ನುಡಿಯಲ್ಲಿ ಮೆಲ್ಲಗೆ ಹೇಳಿದಳು. "ನನಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲದೇನೇ ಉಳಿಸಿದೆಯಲ್ಲ."

ಅವನು ನಿಯಮಗಳ ಕೊನೆಗೆ ಒಂದು ಸಾಲು ಸೇರಿಸಿದ: ಓದುವವರಿಗೆ ಕಣ್ಣಾಗುವ ರೂಪವನ್ನು ಕಾರಣ ಬರೆದು ಉಳಿಸಬಹುದು. ಆಮೇಲೆ, ತಲೆ ಎತ್ತದೆ, "ನಾಳೆ ಉಬ್ಬರದ ಹೊತ್ತಿಗೆ ಬಂದರಿಗೆ ಬರ್ತೀಯಾ? ಒಬ್ಬನೇ ನೋಡಿ ನೋಡಿ ಸಾಕಾಗಿದೆ. ನಿನ್ನ ಜೊತೆ ನೋಡಬೇಕು ಅನ್ನಿಸ್ತಿದೆ, ಹುಯಾ."

"ಕಾರಣ ಬರೆದು ಕೊಡ್ತೀರಾ?"

"ಬಾಯಲ್ಲೇ ಹೇಳ್ತೀನಿ."

ಹುಯಾ ಮೊದಲ ಸಲ ನಗದೆ ಅವನನ್ನು ನೋಡಿದಳು. ಆಮೇಲೆ ಎಲ್ಸ್‌ಪೆತಳ ಕಡಲನ್ನು ಹಿಂದಕ್ಕೆ ಸರಿಸಿ, ಅದರಲ್ಲೇ ನಾಳೆಯ ಉಬ್ಬರ ಎಷ್ಟು ಹೊತ್ತಿಗೆಂದು ಹುಡುಕತೊಡಗಿದಳು.