ಮೂಲೆ ತಿರುವಿನ ಗೋಡೆ

ರಸ್ತೆ ಮುಗಿದುಹೋಯಿತು!

ಬ್ರೇಕ್ ಒತ್ತಿದೆ. ನನ್ನ ಪುಟ್ಟ ಕಾರು ಕಿರ್ರೆಂದು ಜಾರಿ ಅಡ್ಡ ತಿರುಗಿ ನಿಂತಿತು. ಎದುರಿಗೆ ಎರಡಾಳೆತ್ತರದ ಕಾಂಪೌಂಡು, ಅದರ ಮೇಲೆ ಮುಳ್ಳುತಂತಿ. ಎಡಕ್ಕೆ ಮಾರಾಟವಾಗದ ಮೂರು ಮನೆ, ಮೂರಕ್ಕೂ ಬೀಗ. ಬಲಕ್ಕೆ ಸುಟ್ಟು ಕರ್ರಗಾದ ಇನ್ನೊಂದು ಮನೆ.

ಹಿಂದಕ್ಕೆ ಹೋಗೋಣವೆಂದರೆ ಒಂದೇ ತಿರುವು. ಆ ತಿರುವಿನಾಚೆ ನೀರಿನ ಟ್ಯಾಂಕರೊಂದು ಗುರುಗುಟ್ಟುತ್ತಿತ್ತು. ಅದರ ಸ್ಟೇರಿಂಗ್ ಹಿಡಿದವನು ಈಗಷ್ಟೇ ನನ್ನ ಬೆನ್ನಿಗೆ ಒದ್ದವನು.

"ಬನ್ನಿ ಬನ್ನಿ… ದಾರಿ ತಪ್ಪಿತಾ?"

ಸುಟ್ಟ ಮನೆಯ ಮುಂದೆ, ತನ್ನ ಉದ್ದನೆಯ ಕಪ್ಪು ಕಾರಿಗೆ ಒರಗಿಕೊಂಡು ಅವನು ನಿಂತಿದ್ದ. ಈ ಲೇಔಟ್ ಕಟ್ಟಿದ ಬಿಲ್ಡರ್. ಬೈದರೂ ನಗು, ಹೊಡೆಸಿದರೂ ನಗು. ಅದಕ್ಕೇ ಜನ ಅವನನ್ನು ಮಂದಹಾಸ ಎಂದು ಕರೆಯುತ್ತಿದ್ದರು.

ಅಲ್ಲಿಗೆ ನನ್ನನ್ನು ಯಾರು ಕಳಿಸಿದರು ಅಂತ ಕೇಳುತ್ತೀರಾ? ಯಾರೂ ಕಳಿಸಲಿಲ್ಲ ಸಾರ್. ಅಕ್ಕನ ಕಣ್ಣೀರು ಕಳಿಸಿತ್ತು.

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಹೊಸ ಲೇಔಟಿನಲ್ಲಿ ಮನೆ ಕೊಳ್ಳುವವರು ಮೊದಲು ನನ್ನನ್ನು ಕಳಿಸುತ್ತಾರೆ. ರಸ್ತೆ ಹೇಳಿದಷ್ಟು ಅಗಲ ಇದೆಯಾ, ತಿರುವಿನಲ್ಲಿ ಎದುರಿನ ಗಾಡಿ ಕಾಣುತ್ತದಾ, ಮಳೆನೀರು ಎಲ್ಲಿಗೆ ಹೋಗುತ್ತದೆ… ಬಿಲ್ಡರ್ ಎಲ್ಲಿ ಟೋಪಿ ಹಾಕಿದ್ದಾನೆ ಎಂದು ಹುಡುಕುವುದು ನನ್ನ ಕೆಲಸ. ಈ ಕೆಲಸದಲ್ಲಿ ಒದೆ ತಿಂದದ್ದೂ ಉಂಟು, ಕೊಟ್ಟದ್ದೂ ಉಂಟು.

ನನ್ನ ಭಾವ ಫೈರ್ ಇಂಜಿನ್ ಡ್ರೈವರ್. ಹೋದ ತಿಂಗಳು ಈ ಲೇಔಟಿನ ಕೊನೆಯ ಮನೆಗೆ ಬೆಂಕಿ ಬಿತ್ತು. ಒಳಗೆ ಒಬ್ಬರೇ ಅಜ್ಜಿ. ಭಾವ ಗಂಟೆ ಬಾರಿಸಿಕೊಂಡು ಬಂದರು. ಆದರೆ ಮೂಲೆ ತಿರುವಿನಲ್ಲಿ ಗಾಡಿ ಸಿಕ್ಕಿಕೊಂಡಿತು! ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಜೊತೆಯವರು ಪೈಪ್ ಹೊತ್ತು ಓಡಿದರು. ಪೈಪ್ ಸಾಲಲಿಲ್ಲ. ಅಜ್ಜಿ ಉಳಿಯಲಿಲ್ಲ.

"ಗೋಡೆ ಅಡ್ಡ ಇತ್ತು ಸಾರ್, ತಿರುಗಿಸೋಕೆ ಜಾಗಾನೇ ಇರ್ಲಿಲ್ಲ" ಎಂದರು ಭಾವ, ವಿಚಾರಣೆಯಲ್ಲಿ.

ಅಧಿಕಾರಿಗಳೆಲ್ಲ ಬಂದು ನೋಡಿದರು. ಗೋಡೆ ಎಲ್ಲಿ? ಮೂಲೆ ಬಟಾಬಯಲು! ಟೇಪ್ ಹಿಡಿದು ಅಳೆದರು. ಹೊಸ ಲೇಔಟಿಗೆ ನಿಯಮ ಇದೆಯಲ್ಲ, ಫೈರ್ ಇಂಜಿನ್ ರಿವರ್ಸ್ ಹಾಕದೆ ಒಂದೇ ಸಲಕ್ಕೆ ತಿರುಗಬೇಕು ಅಂತ… ಅದಕ್ಕೆ ಬೇಕಾದಷ್ಟು ಜಾಗ ಸರಿಯಾಗಿ ಇತ್ತು. ಇನ್ನೊಂದು ಫೈರ್ ಇಂಜಿನ್ ತರಿಸಿ ಓಡಿಸಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿತು. ಭಾವನ ಜೊತೆಯವರೂ ಗೋಡೆ ಇತ್ತೆಂದೇ ಹೇಳಿದರು. ಒಬ್ಬರನ್ನೊಬ್ಬರು ಬಚಾವು ಮಾಡುತ್ತಿದ್ದಾರೆ ಎಂದು ಅಧಿಕಾರಿಗಳು ಬರೆದುಕೊಂಡರು.

ಭಾವನ ಮೇಲಧಿಕಾರಿ ಸ್ಟೇಷನ್ ಆಫೀಸರ್. ದಪ್ಪ ಮೀಸೆ. ಎಲ್ಲರೆದುರು ನಕ್ಕುಬಿಟ್ಟರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಭಾವ ಸಸ್ಪೆಂಡ್. ಮೇಲೆ ಅಜ್ಜಿಯ ಸಾವಿನ ಕೇಸು.

"ತಮ್ಮಾ, ನಿಮ್ಮ ಭಾವ ಅನ್ನ ಬಿಟ್ಟಿದಾರೆ" ಎಂದಳು ಅಕ್ಕ ಫೋನಿನಲ್ಲಿ. "ಇದ್ದಕ್ಕಿದ್ದ ಹಾಗೆ 'ಗೋಡೆ ಇತ್ತು ಕಣೇ' ಅಂತಾರೆ. ನಾಡಿದ್ದು ಅರೆಸ್ಟ್ ಮಾಡ್ತಾರಂತೆ ಕಣೋ… ಮೂವತ್ತು ವರ್ಷ ಸಂಸಾರ ಮಾಡಿದ ನನಗೇ ಒಂದೊಂದು ಸಲ ಅನುಮಾನ ಬರುತ್ತೆ…"

ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ಫೋನ್ ಇಟ್ಟವನು ನೇರ ಲೇಔಟಿಗೆ ಹೋದೆ. ಮೂಲೆಯಲ್ಲಿ ಗೋಡೆ ಇರಲಿಲ್ಲ. ಸುಮ್ಮನೆ ಬಂದೆ. ಮನಸ್ಸು ಕೇಳಲಿಲ್ಲ. ಮರುದಿನ ಮಟಮಟ ಮಧ್ಯಾಹ್ನ ಮತ್ತೆ ಹೋದೆ.

ಗೋಡೆ ಇತ್ತು!

ಕಲ್ಲಿನ ಗೋಡೆ. ಮೂಲೆ ಮನೆಯ ತೋಟದ ಸುತ್ತ, ರಸ್ತೆಯ ಮೇಲೇ ಬಂದು ನಿಂತಿತ್ತು. ಅದರ ತುಂಬ ಹಸಿರು ಬಳ್ಳಿ ಬೇರೆ. ಒಂದು ದಿನದಲ್ಲಿ ಗೋಡೆ ಕಟ್ಟಬಹುದು ಸಾರ್, ಬಳ್ಳಿ ಬೆಳೆಯುತ್ತದಾ? ಕಣ್ಣು ಕತ್ತಲೆ ಬಂದಂತಾಯಿತು. ಗೋಡೆಯ ಬುಡದಲ್ಲಿ ಕೂತು ಬಾಟಲಿ ನೀರಿನಿಂದ ಮುಖ ತೊಳೆದೆ.

ನೀರು ಹರಿದು ಗೋಡೆಗೆ ತಾಗಿತು. ನಿಲ್ಲಲಿಲ್ಲ. ಗೋಡೆಯ ಕೆಳಗೆ ನುಗ್ಗಿ ಆಚೆ ಹೋಯಿತು! ಆಮೇಲೆ ಒಳಗೆಲ್ಲೋ ಬುಳುಬುಳು ಸದ್ದು. ಮಳೆನೀರಿನ ಜಾಲರಿಯೊಳಗೆ ನೀರು ಬೀಳುವ ಸದ್ದು.

ಮೈ ಜುಮ್ಮೆಂದಿತು. ಜಾಲರಿ ಇರಬೇಕಾದದ್ದು ರಸ್ತೆಯ ಅಂಚಿನಲ್ಲಿ. ಅದು ತೋಟದೊಳಗೆ ಇದೆ ಎಂದರೆ ರಸ್ತೆಯ ಅಂಚೂ ತೋಟದೊಳಗೇ ಇದೆ! ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಗೋಡೆಗೆ ಅಡಿಪಾಯವೇ ಇಲ್ಲ. ಬೆರಳು ತೂರುವಷ್ಟು ಸಂದು, ಒಳಗೆ ಗ್ರೀಸ್ ಮೆತ್ತಿದ ಕಬ್ಬಿಣದ ಚಕ್ರ. ಕಬ್ಬಿಣದ ದೊಡ್ಡ ಗೇಟು. ಅದರ ಮೇಲೆ ಕಲ್ಲು ಅಂಟಿಸಿ, ಬಳ್ಳಿ ಹಬ್ಬಿಸಿದ್ದರು.

ಭಾವ ಸುಳ್ಳು ಹೇಳಿರಲಿಲ್ಲ. ಖುಷಿಗೋ ದುಃಖಕ್ಕೋ ಗೊತ್ತಿಲ್ಲ, ಅಲ್ಲೇ ನನ್ನ ಕಣ್ಣು ತುಂಬಿತು.

ಫೋಟೋ ತೆಗೆಯಲು ಮೊಬೈಲ್ ಸಂದಿಗೆ ಹಿಡಿದೆ… ಧಡ್! ಬೆನ್ನಿಗೆ ಒದೆ ಬಿತ್ತು. ಮೊಬೈಲ್ ಜಾರಿ ಗೋಡೆಯ ಕೆಳಗೆ ಆಚೆ ಹೋಯಿತು. ತಿರುಗಿದರೆ ಮಂದಹಾಸನ ಬಲಗೈ ಬಂಟ, ಗುಂಡುಕಲ್ಲು. ಹೆಸರಿಗೆ ತಕ್ಕ ಮೈ. ಅವನ ಹಿಂದೆ ಇನ್ನಿಬ್ಬರು, ಕೈಯಲ್ಲಿ ಸಲಾಕೆ.

"ಏನೋ ಹುಡುಕ್ತಿದೀಯಾ?"

"ಚಿಲ್ಲರೆ ಬಿತ್ತು."

"ಹಲ್ಲೂ ಬೀಳತ್ತೆ, ಅದನ್ನೂ ಹುಡುಕು!"

ಅವನ ಮೊಣಕಾಲಿಗೆ ಒಂದು ಬಿಟ್ಟೆ. ಕಾರಿಗೆ ಹಾರಿದೆ. ಹೊರಗೆ ಹೋಗುವ ದಾರಿಯಲ್ಲಿ ಟ್ಯಾಂಕರ್ ಅಡ್ಡ ನಿಂತಿತ್ತು. ಉಳಿದದ್ದು ಒಳಗಿನ ದಾರಿ ಮಾತ್ರ. ಸಣ್ಣ ಕಾರು, ತಿರುವಿನಲ್ಲಿ ನುಸುಳಿತು. ನುಸುಳಿ ಎಲ್ಲಿಗೆ ಬಂತು? ಇಲಿ ಬೋನಿಗೆ!

"ನೋಡಿಬಿಟ್ರಾ ನಮ್ಮ ಗೋಡೇನ?" ಎಂದ ಮಂದಹಾಸ.

ನಾನು ಕಾರಿನಿಂದ ಇಳಿದೆ. "ಗಿರಾಕಿ ಬರೋ ದಿನ ತೋಟ ದೊಡ್ಡದು, ಅಧಿಕಾರಿ ಬರೋ ದಿನ ರಸ್ತೆ ದೊಡ್ಡದು. ಚೆನ್ನಾಗಿದೆ ವ್ಯಾಪಾರ!"

"ಇವತ್ತು ಸಂಜೆ ಗಿರಾಕಿ ಬರ್ತಿದಾರೆ. ಮೂಲೆ ಮನೆಗೆ ತೋಟ ಇಲ್ದಿದ್ರೆ ಯಾರು ಕೊಳ್ತಾರೆ ಹೇಳಿ?"

"ಒಂದು ಜೀವ ಹೋಯ್ತಲ್ರೀ."

"ವಯಸ್ಸಾಗಿತ್ತು." ಮುಖದ ಮೇಲೆ ಅದೇ ನಗು.

ಅವನನ್ನು ಅಲ್ಲೇ ಹೂತುಬಿಡಬೇಕೆನಿಸಿತು. ಆದರೆ ತಿರುವಿನಲ್ಲಿ ಸಲಾಕೆಯವರಿಬ್ಬರು ಕಾಲು ಅಗಲಿಸಿ ನಿಂತಿದ್ದರು. ನನಗೆ ಹೆದರಿಕೆಯಾಗಿತ್ತು ಸಾರ್, ಸುಳ್ಳು ಯಾಕೆ ಹೇಳಲಿ! ಕತ್ತೆತ್ತಿದರೆ ಮುಳ್ಳುತಂತಿ, ತಗ್ಗಿಸಿದರೆ ಬಿಸಿ ಡಾಂಬರು. ಕಿರುಚಿದರೂ ಕೇಳಲು ಒಂದು ಕಿಟಕಿಯೂ ತೆರೆದಿರಲಿಲ್ಲ. ನಾನು ಸತ್ತರೆ ಆ ಗೋಡೆಯ ವಿಷಯ ನನ್ನ ಜೊತೆಗೇ ಸಾಯುತ್ತದೆ. ನಾಳೆ ಭಾವನ ಕೈಗೆ ಕೋಳ.

"ನಿನ್ನೆ ನೀವು ಇಲ್ಲಿ ಸುಳಿದಾಗಲೇ ಯಾರು ಅಂತ ವಿಚಾರಿಸಿದ್ದೆ. ನಿಮ್ಮ ಭಾವನಿಗೆ ಗ್ರಹಚಾರ ಸರಿ ಇಲ್ಲ. ನಿಮಗೂ ಅಷ್ಟೇ" ಎಂದ ಮಂದಹಾಸ, ಮೊಬೈಲ್ ಕಿವಿಗಿಡುತ್ತ. "ಟ್ಯಾಂಕರ್ ಬ್ರೇಕ್ ಫೇಲ್ ಆಯ್ತು, ಒಬ್ಬ ಸಿಕ್ಕಿಹಾಕಿಕೊಂಡ… ಪೇಪರ್‌ನಲ್ಲಿ ನಾಲ್ಕು ಸಾಲು. ಲೋ, ಒಳಗೆ ತಗೊಂಡು ಬಾರೋ! ಸ್ಪೀಡಾಗಿ ಬಾ!"

ತಿರುವಿನಾಚೆ ಟ್ಯಾಂಕರ್ ಘರ್ಜಿಸಿತು. ಸಲಾಕೆಯವರು ಬದಿಗೆ ಹಾರಿ ಹೊರಗೆ ಓಡಿದರು.

ನನಗೆ ತಟ್ಟನೆ ಹೊಳೆಯಿತು. ನಗು ಬಂತು ಸಾರ್, ಆ ಹೊತ್ತಿನಲ್ಲೂ!

"ಬರಲ್ಲ ಸ್ವಾಮಿ ಅದು."

"ಏನು?"

"ಟ್ಯಾಂಕರ್ ತಿರುಗಲ್ಲ. ಗೋಡೆ ಇದೆಯಲ್ಲ!"

ಮೊದಲ ಸಲ ಅವನ ನಗು ಮಾಯವಾಯಿತು. ನನ್ನನ್ನು ಮುಗಿಸುವ ಭರದಲ್ಲಿ ತನ್ನ ಗೋಡೆಯನ್ನು ತಾನೇ ಮರೆತಿದ್ದ. "ನಿಲ್ಸೋ! ಏಯ್, ನಿಲ್ಸೋ!" ಎಂದು ಫೋನಿಗೆ ಕೂಗಿಕೊಂಡ.

ಎಲ್ಲಿಯ ನಿಲ್ಲಿಸುವುದು… ಟ್ಯಾಂಕರ್ ನುಗ್ಗಿತು. ನಾನು ಸುಟ್ಟ ಮನೆಯ ಮೆಟ್ಟಿಲಿಗೆ ಹಾರಿದೆ. ಟ್ಯಾಂಕರಿನ ಹಿಂಭಾಗ ಕಲ್ಲಿನ ಗೋಡೆಗೆ ಉಜ್ಜಿ ಸಿಕ್ಕಿಕೊಂಡಿತು, ಮೂತಿ ಸೊಟ್ಟಗೆ ಒಳಗೆ ಬಂದು, ಅಡ್ಡ ನಿಂತಿದ್ದ ನನ್ನ ಕಾರಿಗೆ ಗುದ್ದಿತು. ಕಾರು ಅಪ್ಪಚ್ಚಿ! ಗುಂಡುಕಲ್ಲು ಬಾಗಿಲು ಒದ್ದು, ಟ್ಯಾಂಕರಿನ ಮೇಲೇರಿ, ಆಚೆ ಧುಮುಕಿ ಕಾಲಿಗೆ ಬುದ್ಧಿ ಹೇಳಿದ.

ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಒಂದು ಕಿಡಿ… ಭಗ್ಗೆಂದಿತು!

ಕಾರು ಹೊತ್ತಿತು. ಟ್ಯಾಂಕರಿನ ಮೂತಿ ಹೊತ್ತಿತು. ರಸ್ತೆಯ ಅಗಲಕ್ಕೂ ಬೆಂಕಿ. ನಾನು ಮತ್ತು ಮಂದಹಾಸ ಈ ಕಡೆ, ಮಿಕ್ಕ ಜಗತ್ತೆಲ್ಲ ಆ ಕಡೆ.

"ನೀರು! ಟ್ಯಾಂಕರ್‌ನಲ್ಲಿ ನೀರು ಇರತ್ತಲ್ಲ!" ಎಂದೆ.

"ಖಾಲಿ…" ಎಂದ ಮಂದಹಾಸ.

ಹೊಗೆ ಇಳಿಯತೊಡಗಿತು. ಎತ್ತರದ ಗೋಡೆಗಳ ನಡುವೆ ಅದಕ್ಕೂ ಹೋಗಲು ದಾರಿ ಇರಲಿಲ್ಲ. ಇಬ್ಬರೂ ಕೊನೆಯ ಕಾಂಪೌಂಡಿಗೆ ಬೆನ್ನು ಹಚ್ಚಿ ನಿಂತೆವು. ಅವನು ಕೆಮ್ಮಿದ. ನಾನೂ ಕೆಮ್ಮಿದೆ. ಅಜ್ಜಿಗೂ ಹೀಗೇ ಆಗಿರಬೇಕು ಎನಿಸಿತು.

ಆಗ ಕೇಳಿಸಿತು, ಗಂಟೆ!

ಹೊಗೆ ಕಂಡು ಯಾರೋ ಫೋನ್ ಮಾಡಿದ್ದರು. ಫೈರ್ ಇಂಜಿನ್ ತಿರುವಿನವರೆಗೆ ಬಂದು ಗಕ್ಕನೆ ನಿಂತಿತು. ಸ್ಟೇಷನ್ ಆಫೀಸರ್ ದನಿ ಮೈಕಿನಲ್ಲಿ ಮೊಳಗಿತು. ಸಾವಾದ ಜಾಗದಲ್ಲೇ ಮತ್ತೆ ಬೆಂಕಿ ಎಂದು ಖುದ್ದು ಬಂದಿದ್ದರು.

"ಒಳಗೆ ಯಾರಿದೀರಾ? ಟ್ಯಾಂಕರ್ ಅಡ್ಡ ಇದೆ, ನೀರು ಆ ಕಡೆ ಬೀಳ್ತಿಲ್ಲ! ಪಕ್ಕದಲ್ಲಿ ಬರೋಣ ಅಂದ್ರೆ ಗೋಡೆ…" ದನಿ ಅಲ್ಲಿಗೇ ತುಂಡಾಯಿತು. ಮತ್ತೆ ಬಂದಾಗ ಬೇರೆಯೇ ಆಗಿತ್ತು. "ಇಲ್ಲಿ… ಗೋಡೆ ಎಲ್ಲಿಂದ ಬಂತು?"

ನಾನು ಮಂದಹಾಸನ ಕಡೆ ತಿರುಗಿದೆ. "ತೆಗೀರಿ ಗೋಡೇನ."

"ಯಾವ ಗೋಡೆ?"

"ತೆಗೀರಿ ಅಂದೆ!"

"ಅವರೆದುರಿಗೆ ತೆಗೆದ್ರೆ ನಾನು ಮುಗಿದೆ ಕಣಯ್ಯಾ!"

"ತೆಗೀದೇ ಇದ್ರೂ ಮುಗಿದ್ರಿ! ನಾನೂ ಮುಗಿದೆ. ಪರವಾಗಿಲ್ಲ, ಗೋಡೆ ಇತ್ತು ಅಂತ ಅವರೇ ಕಣ್ಣಾರೆ ನೋಡಿದ್ರು. ನನ್ನ ಭಾವ ಬದುಕಿಕೊಂಡ್ರು. ನನಗೆ ಅಷ್ಟು ಸಾಕು." ಅವನ ಪಕ್ಕದಲ್ಲೇ ನೆಲಕ್ಕೆ ಕೂತೆ. "ನಿಮಗೆ ಏನು ಬೇಕೋ ನೋಡ್ಕೊಳ್ಳಿ."

ಧೈರ್ಯವಾಗಿ ಹೇಳಿದೆ ಅಂದುಕೊಳ್ಳಬೇಡಿ. ನೆಲದ ಹತ್ತಿರ ಹೊಗೆ ಕಡಿಮೆ, ಅದಕ್ಕೇ ಕೂತಿದ್ದೆ.

ಅವನ ಕಪ್ಪು ಕಾರಿನ ಟೈರ್ ಢಬ್ ಎಂದು ಸಿಡಿಯಿತು. ಮಂದಹಾಸ ಕಿರುಚಿಕೊಂಡ. ಜೇಬಿಗೆ ಕೈ ಹಾಕಿದ. ಹೊರಬಂದದ್ದು ಒಂದು ಪುಟ್ಟ ರಿಮೋಟ್! ಒತ್ತಿದ. ಏನೂ ಆಗಲಿಲ್ಲ. ಹೊಗೆಯೊಳಗೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ಅಳುತ್ತ ಮತ್ತೆ ಒತ್ತಿದ.

ಗಡಗಡ… ಕಲ್ಲಿನ ಗೋಡೆ ಬಳ್ಳಿ ಸಮೇತ ಪಕ್ಕಕ್ಕೆ ಸರಿಯಿತು.

ತೋಟದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಫೈರ್ ಇಂಜಿನ್ ನುಗ್ಗಿತು. ರಿವರ್ಸ್ ಹಾಕಲಿಲ್ಲ. ಒಂದೇ ಸಲಕ್ಕೆ ತಿರುಗಿತು! ನೀರು ಬಿತ್ತು. ಹೊಗೆಯ ನಡುವೆ ಸ್ಟೇಷನ್ ಆಫೀಸರ್ ಬೆಪ್ಪಾಗಿ ನಿಂತಿದ್ದರು. ಒಮ್ಮೆ ಗೋಡೆ ನೋಡಿದರು, ಒಮ್ಮೆ ರಿಮೋಟ್ ನೋಡಿದರು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾನು ತೆವಳಿಕೊಂಡು ಅವರ ಬೂಟಿನ ಹತ್ತಿರ ಹೋದೆ.

"ಸಾರ್… ನೆಲ ಡೊಂಕಿದೆಯಾ?"

ಅವರು ಬಾಗಿ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

ಮರುದಿನ ಭಾವನ ಮನೆಗೆ ಜೀಪು ಬಂತು. ಕೋಳ ಬರಲಿಲ್ಲ, ಸ್ಟೇಷನ್ ಆಫೀಸರ್ ಬಂದರು. ಟೋಪಿ ಕೈಯಲ್ಲಿ ಹಿಡಿದು "ಡ್ಯೂಟಿಗೆ ಬನ್ನಿ" ಎಂದರು. ಭಾವ ತಲೆಯಾಡಿಸಿದರು, ಅಷ್ಟೇ. ಅಕ್ಕ ಬಿಡಬೇಕಲ್ಲ! ಬಾಗಿಲಿಗೆ ಅಡ್ಡ ನಿಂತಳು.

"ಅಷ್ಟಕ್ಕೇ ಹೋಗ್ಬೇಡಿ ಸಾರ್. ಅವತ್ತು ಎಲ್ಲರೆದುರಿಗೆ ಗಾದೆ ಹೇಳಿದ್ರಲ್ಲ, ಇವರಿಗೆ ಕುಣಿಯೋಕೆ ಬರತ್ತೆ ಅಂತ ಎಲ್ಲರೆದುರಿಗೇ ಹೇಳಿ!"

ಹೇಳಿದರು ಸಾರ್, ಸ್ಟೇಷನ್ನಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದರು. ಆ ರಾತ್ರಿ ಭಾವ ಎರಡು ಸಲ ಅನ್ನ ಹಾಕಿಸಿಕೊಂಡರಂತೆ. ಅಕ್ಕ ಒಲೆಯ ಮುಂದೆ ನಿಂತು ಒಬ್ಬಳೇ ಅತ್ತಳಂತೆ, ಅನುಮಾನಪಟ್ಟದ್ದಕ್ಕೆ.

ಆ ಅಜ್ಜಿ ಮಾತ್ರ ವಾಪಸ್ ಬರಲಿಲ್ಲ.

ಮಂದಹಾಸನಾ? ಅವನು ಈಗಿರುವ ಕಡೆಯೂ ನಾಲ್ಕು ಗೋಡೆ ಇವೆ ಸಾರ್… ಒಂದಕ್ಕೂ ರಿಮೋಟ್ ಇಲ್ಲ!