ಹಿಂಡಬಾರದ ಮೊಡವೆ

“ಒಳಕೋಣೆ ಕುರ್ಚೀಲಿ ಕೂತವರ ಮೊಡವೆ ಮಾತ್ರ ಹಿಂಡಬೇಡ ಕಣೆ. ಇಲ್ಲಿ ಮುಖ ಕೆಟ್ಟು ಕೊರಗಿ ಸತ್ತವಳು ಆ ಕುರ್ಚಿಗೆ ಮಾಟ ಮಾಡಿಸಿ ಹೋಗಿದಾಳೆ,” ಎಂದಳು ಬ್ಯೂಟಿಪಾರ್ಲರಿನ ಹಿರಿಯಕ್ಕ.

ಆಗಷ್ಟೇ ಕೆಲಸಕ್ಕೆ ಸೇರಿದ್ದ ಹೊಸಬಳು ಕಿಸಕ್ಕನೆ ನಕ್ಕಳು. “ಚರ್ಮದ ಎಣ್ಣೆ ರಂಧ್ರದಲ್ಲಿ ಕಟ್ಕೊಂಡ್ರೆ ಮೊಡವೆ ಅಕ್ಕಾ. ಹಾರ್ಮೋನು, ಜಿಡ್ಡು ಕ್ರೀಮು ಸೇರಿದ್ರೆ ಇನ್ನಷ್ಟು. ಅದಕ್ಕೆ ಮಾಟ ಬೇರೆ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದ ಹಾಗಾಯ್ತು.”

“ನಗು, ನಗು. ನಾನೂ ನಕ್ಕವಳೇ.”

ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತ ಗಿರಾಕಿಯ ಗಲ್ಲದ ಮೇಲೆ ಹಳದಿ ತಲೆಯ ಒಂದೇ ಮೊಡವೆ. ಹೊಸಬಳು ಹತ್ತಿ ಸುತ್ತಿ ಒತ್ತಿದಳು. ಕೀವು ಬರಲಿಲ್ಲ, ಕೂದಲು ಸುಟ್ಟ ಕಮಟು ಬಂತು. ಏನೋ ಬೆಚ್ಚಗೆ ಅವಳ ಬೆರಳೊಳಗೆ ಹರಿಯಿತು.

ಸಂಜೆಗೆ ಅವಳ ಗಲ್ಲದಲ್ಲೂ ಅದೇ ಜಾಗದಲ್ಲಿ ಗುಳ್ಳೆ. ‘ಬೆವರಿಗೆ,’ ಎಂದುಕೊಂಡಳು. ಬೆಳಗಾಗುವುದರೊಳಗೆ ಹಣೆ, ಕೆನ್ನೆ ತುಂಬಿದವು. ಕ್ರೀಮು ಬಿಟ್ಟಳು, ತಣ್ಣೀರಲ್ಲಿ ತೊಳೆದಳು. ತಿಳಿದ ಉಪಾಯವೊಂದೂ ನಾಟಲಿಲ್ಲ. ಚರ್ಮದಡಿ ಏನೋ ಕಟಕಟ ಜಗಿಯುವ ಸದ್ದು.

ಪಾರ್ಲರಿಗೆ ಬಂದವಳನ್ನು ಹಿರಿಯಕ್ಕ ನೋಡಿದವಳೇ ಬೀದಿಬಾಗಿಲು ಹಾಕಿದಳು. “ಅದು ಕಣ್ಣಿಗಿಳಿಯೋ ಮುಂಚೆ ಇನ್ನೊಬ್ಬರ ಮುಖ ಮುಟ್ಟಿಬಿಡು, ತಾಯಿ. ಅವರಿಗೆ ಹೋಗುತ್ತೆ. ನಾನೂ ಹಾಗೇ ದಾಟಿಸ್ದೆ.”

“ಯಾರಿಗೆ?”

ಅಕ್ಕನ ನುಣುಪು ಮುಖ ಕೆಳಗೆ ಬಾಗಿತು. “ಒಬ್ಬ ಹುಡುಗಿಗೆ. ಅವಳಿಗೀಗ ಕನ್ನಡಿ ಬೇಕಾಗಿಲ್ಲ.”

ಅಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯಿಲ್ಲದ ಒಳಕೋಣೆ ಕಪ್ಪಾಯಿತು. ಅಲ್ಲಿ ಆ ಕುರ್ಚಿಯಲ್ಲೇ, ಆಗಲೇ ಬಂದಿದ್ದ ಮದುವೆಗೆ ಹೊರಟ ಹುಡುಗಿಯೊಬ್ಬಳು ಕಣ್ಣುಮುಚ್ಚಿ, ಮುಖವೊಡ್ಡಿ ಕೂತಿದ್ದಳು. ಹೊಸಬಳ ಕಾಲು ತಾನಾಗಿ ಅತ್ತ ನಡೆಯಿತು.

“ಶುರು ಮಾಡಿ ಅಕ್ಕಾ. ಲೇಟಾಯ್ತು.”

ಸುಟ್ಟ ಕೂದಲ ವಾಸನೆ. ರೆಪ್ಪೆ ಉರಿಯಿತು. ‘ಮುಟ್ಟು,’ ಎಂದಿತು ಕೆನ್ನೆಯೊಳಗಿನ ದನಿ. ಕೈ ಎದ್ದಿತು. ಬೆರಳು ಚಾಚಿತು. ಹುಡುಗಿಯ ಉಸಿರು ಅಂಗೈಗೆ ತಾಗಿತು.

“ಮುಟ್ಟಲ್ಲ ಹೋಗೆ!”

ಬೆರಳು ಮಡಚಿದಳು. ತನ್ನ ಕೆನ್ನೆಗೇ ಉಗುರಿಳಿಸಿದಳು. “ನಿನ್ನ ಮುಖ ಕೆಡಿಸಿದೋಳು ಇವಳಲ್ಲ. ನಾನು ನಕ್ಕೆ, ನನ್ನದು ತಗೋ. ಮುಂದಕ್ಕೆ ದಾರಿ ಇಲ್ಲ!” ರಕ್ತ ಇಳಿಯಿತು. ಕತ್ತಲು ಕಿರುಚಿತು. ಎಡಗಣ್ಣು ಧಗ್ಗೆಂದಿತು. ಚರ್ಮದಡಿಯ ಕಟಕಟ ನಿಂತಿತು.

ಕರೆಂಟು ಬಂದಾಗ ಹುಡುಗಿಯ ಮುಖ ಹೂವಿನಂತೆಯೇ ಇತ್ತು. ಹೊಸಬಳ ಮುಖ ಜೇನು ಹಿಂಡಿದ ಹುಟ್ಟಿನಂತೆ ತೂತುತೂತು. ಎಡಗಣ್ಣು ಬೆಳ್ಳಗೆ ಬೆಂದಿತ್ತು.

ಗಾಯ ಒಣಗಿ ಅವಳು ಕೆಲಸಕ್ಕೆ ಮರಳಿದ ದಿನ ಹಿರಿಯಕ್ಕ ಮೆಲ್ಲಗೆ ಹೇಳಿದಳು: “ಹಿಂದುಗಡೆ ಟವೆಲ್ ಒಗೀತಾ ಇರು ಕಣೆ. ಗಿರಾಕಿಗಳು ಹೆದರ್ತಾರೆ.”

ಹೊಸಬಳು ಸ್ಟೂಲೊಂದನ್ನು ದರದರ ಎಳೆದು ಗಾಜಿನ ಬಾಗಿಲಿಗೆ ತಂದು, ಬೀದಿಗೆ ಮುಖ ಮಾಡಿ ಕೂತಳು.

“ಈ ಮುಖಕ್ಕೆ ಹೆದರೋರು ಹೆದರ್ಲಿ ಅಕ್ಕಾ. ನಿನ್ನ ಮುಖ ಇಷ್ಟು ನುಣ್ಣಗೆ ಹ್ಯಾಗಾಯ್ತು ಅಂತ ಗೊತ್ತಾಗಿದ್ರೆ, ಅವರು ಈ ಬೀದೀಗೇ ಬರ್ತಿರಲಿಲ್ಲ.”