ಮಾದರಿ ಮನೆಯ ಮಂಚ

ಅವಳನ್ನು ಹೆಂಡತಿಯ ಕೆಲಸಕ್ಕೆ ಆರಿಸಿದ್ದು ಕುಳ್ಳಗಿದ್ದಾಳೆ ಎಂಬ ಒಂದೇ ಕಾರಣಕ್ಕೆ. ರೂಪವನ್ನು ಯಾರೂ ನೋಡಲಿಲ್ಲ, ಗುಣವನ್ನಂತೂ ಕೇಳುವವರೇ ಇರಲಿಲ್ಲ.

ಫ್ಲಾಟು ಕಟ್ಟಿ ಮಾರುವ ಕಂಪನಿಯೊಂದು, ಕೊಳ್ಳುವವರು ನೋಡಿ ಮರುಳಾಗಲಿ ಎಂದು ಮಾಡಿಸಿದ ಮಾದರಿ ಮನೆ ಅದು. ನಲ್ಲಿ ತಿರುಗಿಸಿದರೆ ನೀರಿಲ್ಲ, ಟಿವಿ ರಟ್ಟಿನದು, ಬುಟ್ಟಿಯ ಹಣ್ಣು ಪ್ಲಾಸ್ಟಿಕ್ಕಿನದು. ಕೋಣೆಗಳು ದೊಡ್ಡದಾಗಿ ಕಾಣಲೆಂದು ಸೋಫಾ, ಮೇಜು, ಮಂಚ ಎಲ್ಲವನ್ನೂ ಅಳತೆಗಿಂತ ಗಿಡ್ಡಗೆ ಮಾಡಿಸಿದ್ದರು. ಗಂಡ ಹೆಂಡತಿ ಇರುವ ಮನೆ ಬೇಗ ಮಾರಾಟವಾಗುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ, ಅಲ್ಲಿ ನೆಲ ಒರೆಸುತ್ತಿದ್ದ ಕುಳ್ಳಿಗೆ ಭಾನುವಾರ ಭಾನುವಾರ ಒಳ್ಳೆಯ ಬಟ್ಟೆ ಕೊಟ್ಟು ಅಡುಗೆಮನೆಯಲ್ಲಿ ನಿಲ್ಲಿಸಿದರು. ಅವಳು ನಿಂತರೆ ಚಾವಣಿ ಎತ್ತರ ಕಾಣುತ್ತದಂತೆ.

ಗಂಡನಾಗಿ ಸಿಕ್ಕವನು ಸೇಲ್ಸ್ ಹುಡುಗ. ಎಲ್ಲರೂ ಮಾತುಗಾರ ಎಂದೇ ಕರೆಯುತ್ತಿದ್ದರು. ಕಲ್ಲನ್ನೂ ಕರಗಿಸುವಂಥ ಮಾತು, ಆದರೆ ಆಳು ಏಣಿಯಷ್ಟು ಉದ್ದ. ಹಾಗಾಗಿ ಜನ ಬಂದಾಗ ಅವನು ಸೋಫಾ ಬಿಟ್ಟು ಏಳಕೂಡದೆಂದು ಮ್ಯಾನೇಜರನ ಕಟ್ಟಪ್ಪಣೆಯಾಗಿತ್ತು.

ಮೊದಲ ಭಾನುವಾರ ಕುಳ್ಳಿ ಕಾಫಿ ಕಪ್ಪು ಹಿಡಿದು ಬಂದವಳು, "ತಗೊಳ್ಳಿ ಸಾರ್" ಎಂದುಬಿಟ್ಟಳು.

"ಗಂಡನ್ನ ಯಾರಾದ್ರೂ ಸಾರ್ ಅಂತಾರೇನೇ? ‘ರೀ’ ಅನ್ನು."

"ಬಾಯಿಗೆ ಬರಲ್ಲ ಸಾರ್."

"ಬರಿಸ್ಕೋ. ಇಲ್ಲಾಂದ್ರೆ ಫ್ಲಾಟು ಹೋಗಲ್ಲ, ನಾನೂ ನೀನೂ ಮನೆಗೆ ಹೋಗ್ತೀವಿ."

"ರೀ..." ಎಂದಳು, ನೆಲ ನೋಡುತ್ತ.

"ಅಯ್ಯೋ, ಹೀಗೆ ಕರೆದ್ರೆ ನಾನೇ ಒಂದು ಫ್ಲಾಟು ತಗೊಂಬಿಡ್ತೀನಿ."

ಅವಳಿಗೆ ಕಿಸಕ್ಕನೆ ನಗು ಬಂತು. ಅಷ್ಟಕ್ಕೇ ಶುರುವಾದದ್ದು.

ಆಮೇಲೆ ಬಂದವರ ಭುಜದ ಮೇಲಿಂದ ಅವನು ಕಳಿಸುವ ನೋಟಕ್ಕೆ ಅವಳು ಕಾಯತೊಡಗಿದಳು. ಯಾರೋ ದಪ್ಪ ಹೆಂಗಸು ಪ್ಲಾಸ್ಟಿಕ್ ಹಣ್ಣಿಗೆ ಕೈಹಾಕಿದಾಗ ಅವನ ಹುಬ್ಬು ಮೇಲೇರುತ್ತಿತ್ತು, ಅವಳು ತುಟಿ ಕಚ್ಚಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ವಾರದ ದಿನಗಳಲ್ಲೂ ಊಟದ ಡಬ್ಬಿ ಹಿಡಿದು ಅವನು ಅಲ್ಲಿಗೇ ಬರುತ್ತಿದ್ದ. ಒಂದು ಮಧ್ಯಾಹ್ನ ದಣಿದು ಆ ಮಂಚದ ಮೇಲೆ ಬಿದ್ದುಕೊಂಡ. ಮೊಣಕಾಲಿನಿಂದ ಕೆಳಗೆ ಪೂರಾ ಆಚೆ ನೇತಾಡುತ್ತಿತ್ತು. ಕುಳ್ಳಿ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು.

"ನಗ್ತೀಯಾ? ಬಾ, ನೀನೂ ಮಲಗಿ ನೋಡು."

"ಮದುವೆ ಆದ್ಮೇಲೆ," ಎಂದವಳು ತನ್ನ ಮಾತಿಗೆ ತಾನೇ ನಾಚಿ ಒರೆಸುವ ಬಟ್ಟೆ ಎತ್ತಿಕೊಂಡು ಓಡಿದಳು.

ಅವಳ ಮನೆಯೆಂದರೆ ಒಂದೇ ಕೋಣೆ. ಅಮ್ಮ, ಅಣ್ಣ, ಅತ್ತಿಗೆ, ಅವರ ಮಕ್ಕಳೆಲ್ಲ ಮಲಗಿದ ಮೇಲೆ ಬಾಗಿಲು ತೆರೆಯಲು ಜಾಗವಿರುತ್ತಿರಲಿಲ್ಲ. "ನಾನೂ ಅಂಥದ್ದೇ ಮನೇಲಿ ಬೆಳೆದೋನು," ಎಂದಿದ್ದ ಅವನು. ಆ ಮಾತು ಕೇಳಿದ ದಿನವೇ ಅವಳು ಇವನೇ ನನ್ನವನು ಎಂದು ನಿಶ್ಚಯಿಸಿಕೊಂಡಳು. ಪಾಪದ ಹುಡುಗಿ, ಆ ಮಾತನ್ನು ತಿರುಗಿಸಿ ನೋಡುವುದು ಅವಳಿಗೆ ತಿಳಿಯಲಿಲ್ಲ.

ಇನ್ನೊಂದು ಮಧ್ಯಾಹ್ನ ಅವನು ಕಿಟಕಿಯ ಬಳಿ ನಿಂತು, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದ: "ತೊಟ್ಟಿಲು ಇಲ್ಲಿ ಇಡೋಣ ಕಣೇ. ಬೆಳಗಿನ ಬಿಸಿಲು ಮಗು ಕಾಲಿಗೆ ಬೀಳ್ಬೇಕು, ಕಣ್ಣಿಗಲ್ಲ."

ಮನೆಯಲ್ಲಿ ಆಗ ಗಿರಾಕಿಗಳು ಯಾರೂ ಇರಲಿಲ್ಲ, ಅವರಿಬ್ಬರೇ ಇದ್ದರು. ಕುಳ್ಳಿಯ ಎದೆ ತುಂಬಿ ಬಂತು. ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಮನೆಗೆ ಹೋದಳು.

ಮುಂದಿನ ಭಾನುವಾರ ಗರ್ಭಿಣಿಯೊಬ್ಬಳು ಗಂಡನ ಜೊತೆ ಬಂದಳು. ಮಾತುಗಾರ ಸೋಫಾದಲ್ಲಿ ಕೂತೇ ಕಿಟಕಿಯ ಕಡೆ ಕೈ ತೋರಿಸಿದ. "ನಮ್ಮವಳ ಆಸೆ, ತೊಟ್ಟಿಲು ಅಲ್ಲೇ ಇಡ್ಬೇಕಂತೆ. ಬಿಸಿಲು ಮಗು ಕಾಲಿಗೆ ಬೀಳ್ಬೇಕು, ಕಣ್ಣಿಗಲ್ಲ ಅಂತಾಳೆ." ಆ ಹೆಂಗಸಿನ ಕಣ್ಣಲ್ಲಿ ನೀರಾಡಿತು. ಫ್ಲಾಟು ಹೋಯಿತು.

ಎಲ್ಲರೂ ಹೋದ ಮೇಲೆ ಕುಳ್ಳಿ ಕೇಳಿದಳು, "ನನಗೆ ಹೇಳಿದ್ದು ಪ್ರಾಕ್ಟೀಸಾ?"

"ನಿನ್ನಾಣೆ, ಅವತ್ತು ನಿನಗೇ ಹೇಳಿದ್ದು. ಇವತ್ತು ಬಾಯಿಗೆ ಬಂತು, ಹೇಳ್ದೆ. ಕೆಲಸ ಅಲ್ವೇನೇ? ಪ್ರಮೋಷನ್ ಆಗ್ಲಿ, ನಿಮ್ಮಮ್ಮನ ಹತ್ರ ಬಂದು ಮಾತಾಡ್ತೀನಿ."

ಅವನು ಹೇಳಿದ್ದು ನಿಜವೇ. ಅವನಿಗೆ ಅವಳ ಮೇಲೆ ಪ್ರೀತಿಯಿತ್ತು. ಆದರೆ ಒಳ್ಳೆಯ ಬೆಲೆ ಬಂದರೆ ಅವನು ಮಾರದ ವಸ್ತುವೇ ಇರಲಿಲ್ಲ. ಅವಳು ನಂಬಿದಳು, ಕ್ಷಮಿಸಿದಳು, ಮುಂದಿನ ಭಾನುವಾರಗಳಲ್ಲಿ ಆ ಮಾತು ಬಂದಾಗಲೆಲ್ಲ ಕಿಟಕಿಯ ಬಳಿ ಹೋಗಿ ನಾಚಿ ನಿಂತಳು. ಆ ತೊಟ್ಟಿಲಿನ ಮಾತಿಗೇ ಫ್ಲಾಟುಗಳು ಬಿಸಿ ಬಿಸಿಯಾಗಿ ಹೋದವು. ಪ್ರಮೋಷನ್ನೂ ಬಂತು. ಅವನು ಮಾತ್ರ ಬರಲಿಲ್ಲ. ಅವಳ ಫೋನು ಎತ್ತುವುದನ್ನೂ ಬಿಟ್ಟ. ಅವನ ಜಾಗಕ್ಕೆ ಹೊಸ ಗಂಡನೊಬ್ಬನನ್ನು ತಂದು ಕೂರಿಸಿದರು.

ಚಳಿ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಮಾತುಗಾರ ಬಂದ, ಹುಡುಗಿಯೊಬ್ಬಳ ಜೊತೆ. ಕಂಪನಿ ಯಜಮಾನರ ತಮ್ಮನ ಮಗಳು. ಇಬ್ಬರಿಗೂ ನಿಶ್ಚಿತಾರ್ಥವಾಗಿತ್ತು. ಮದುವೆಗೆ ದೊಡ್ಡಪ್ಪ ಫ್ಲಾಟು ಕೊಡುತ್ತಾರಂತೆ, ಅದರ ಮಾದರಿ ನೋಡಲು ಬಂದಿದ್ದಳು. ಹೊಸ ಗಂಡ ಗೇಟಿನ ಹತ್ತಿರ ಗಿರಾಕಿಗಳನ್ನು ಕರೆಯುತ್ತಿದ್ದ. ಮನೆಯಲ್ಲಿ ಕುಳ್ಳಿ ಒಬ್ಬಳೇ.

ಹುಡುಗಿ ಒಳ್ಳೆಯವಳು. "ಅಕ್ಕಾ, ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ," ಎಂದು ಕೈ ಹಿಡಿದುಕೊಂಡಳು. ಕಿಟಕಿಯ ಬಳಿ ನಿಂತು, "ಇಲ್ಲಿ ಏನಿಡ್ತೀರಿ?" ಎಂದು ಕೇಳಿದಳು.

ಕುಳ್ಳಿ ಅವನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ತೊಟ್ಟಿಲು," ಎಂದಳು. "ಬಿಸಿಲು ಮಗು ಕಾಲಿಗೆ ಬೀಳ್ಬೇಕು, ಕಣ್ಣಿಗಲ್ಲ. ನಮ್ಮನೆಯವ್ರು ಹೇಳಿದ್ದು."

"ಎಂಥ ಪ್ರೀತಿ ಅಲ್ವಾ ಅವ್ರಿಗೆ," ಎಂದು ಹುಡುಗಿ ಕಣ್ಣೊರೆಸಿಕೊಂಡು, ಫೋಟೋ ತೆಗೆಯಲು ಬಾಲ್ಕನಿಗೆ ಹೋದಳು.

"ಒಂದು ಮಾತು ಹೇಳಿ ಹೋಗ್ಬಹುದಿತ್ತಲ್ವಾ?" ಕುಳ್ಳಿ ಕೇಳಿದಳು.

"ಏನು ಹೇಳ್ಲಿ? ಪ್ರೀತಿ ಇಲ್ಲ ಅಂತಲ್ಲ ಕುಳ್ಳಿ. ನಿನ್ನ ನೋಡಿದ್ರೆ ಆ ಒಂದೇ ಕೋಣೆ ನೆನಪಾಗುತ್ತೆ. ಅಲ್ಲಿಂದ ಎದ್ದು ಬರೋಕೆ ನನಗೆ ಸಾಕುಸಾಕಾಗಿ ಹೋಗಿದೆ. ವಾಪಸ್ ಹೋಗೋಕೆ ಆಗಲ್ಲ."

ಹುಡುಗಿ ಒಳಗೆ ಬಂದಳು. ಅವರಿಬ್ಬರ ಮುಖವನ್ನೂ ನೋಡಿ, "ಏನಾಯ್ತು?" ಎಂದಳು.

"ಏನಿಲ್ಲ." ಅವನು ನಕ್ಕ, ಗಿರಾಕಿಗಳಿಗೆ ನಗುವ ನಗು. "ಇವಳು ನಿಜವಾದ ಹೆಂಡ್ತಿ ಅಲ್ಲ, ಇಲ್ಲಿ ನೆಲ ಒರೆಸೋಳು. ಆಕ್ಟಿಂಗ್ ಅಷ್ಟೇ."

"ಹೌದಾ!" ಹುಡುಗಿಗೆ ನಗು ಬಂತು. "ನಾನು ಪೂರ್ತಿ ನಂಬಿಬಿಟ್ಟಿದ್ದೆ. ಹಾಗಾದ್ರೆ ನೀನು ನಮ್ಮನೆಗೇ ಬಂದ್ಬಿಡು. ಇಷ್ಟು ನೀಟಾಗಿ ಕೆಲಸ ಮಾಡೋರು ನಂಗೆ ಎಲ್ಲಿ ಸಿಗ್ತಾರೆ?"

‘ಅಕ್ಕ’ ಹೋಗಿತ್ತು, ‘ನೀವು’ ಹೋಗಿತ್ತು. ಅದಕ್ಕೆ ಕುಳ್ಳಿ ಬೇಸರಪಟ್ಟುಕೊಳ್ಳಲಿಲ್ಲ. ಅವಳು ಕಾದದ್ದು ಅವನಿಗಾಗಿ. ಬೇಡ ಅಂತ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು, ಉಳಿದದ್ದೆಲ್ಲವನ್ನೂ ನುಂಗಿಕೊಂಡು ಸುಮ್ಮನಿರುತ್ತಿದ್ದಳು.

"ಒಳ್ಳೆ ಐಡಿಯಾ," ಎಂದ ಅವನು. "ಕೈ ಬಾಯಿ ಶುದ್ಧ. ನಾನು ನೋಡಿದ್ದೀನಲ್ಲ."

ಕುಳ್ಳಿಯ ಮುಖದ ಮೇಲಿನ ನಗು ಹಾಗೇ ಇತ್ತು, ಅದು ಅವಳ ಕೆಲಸವಲ್ಲವೇ.

"ಇಲ್ಲಮ್ಮ, ನಾನು ಬರಲ್ಲ," ಎಂದಳು. "ನೀವು ಮಂಚ ಮಾತ್ರ ದೊಡ್ಡದು ಮಾಡಿಸ್ಕೊಳ್ಳಿ. ಇಂಥದ್ದರಲ್ಲಿ ಇವರು ಮಲಗಿದ್ರೆ ಮೊಣಕಾಲಿಂದ ಕೆಳಗೆ ಪೂರಾ ಆಚೆ ಇರುತ್ತೆ."

ಹುಡುಗಿಯ ನಗು ಅಲ್ಲೇ ನಿಂತಿತು. ಮಂಚವನ್ನು ನೋಡಿದಳು, ಅವನನ್ನು ನೋಡಿದಳು, ಕುಳ್ಳಿಯನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಏನೂ ತಪ್ಪು ಮಾಡದ ಹುಡುಗಿ. ಅವಳಿಗೆ ನೋಯುತ್ತದೆ ಎಂದು ಕುಳ್ಳಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದಳು.

"ನೀನು ಉದ್ಧಾರ ಆಗಲ್ಲ," ಎಂದ ಮಾತುಗಾರ, ಬಿಳಿಚಿಕೊಂಡ ಮುಖದಲ್ಲಿ. "ನಾಳೆಯಿಂದ ಇಲ್ಲಿಗೆ ಕಾಲಿಡ್ಬೇಡ."

"ಆಗ್ಲಿ ರೀ," ಎಂದಳು.

ಅವನು ಓಡುತ್ತ ಹುಡುಗಿಯ ಹಿಂದೆ ಹೋದ. ಕುಳ್ಳಿ ಬಾಗಿಲು ಹಾಕಿ, ಇಷ್ಟು ದಿನ ಒರೆಸಿದ್ದರೂ ಒಮ್ಮೆಯೂ ಮಲಗದ ಆ ಮಂಚದ ಮೇಲೆ ಮಲಗಿ ಬಿಕ್ಕಿ ಬಿಕ್ಕಿ ಅತ್ತಳು. ಮಂಚ ಅವಳಿಗೆ ಸರಿಯಾಗಿತ್ತು.